ಸಂಜೆ ಐದರಿಂದ ಐದೂಕಾಲು: ವಧು ಅಳುವುದು

ಮದುವೆಯ ದಿನ ಹೆಣ್ಣು ಯಾವಾಗ ಅಳಬೇಕು? ಮನಸ್ಸು ತುಂಬಿ ಬಂದಾಗ ಅಂತ ನೀವು ಹೇಳುತ್ತೀರಿ. ನಮ್ಮ ಕಾಕಾನನ್ನು ಕಂಡವರಲ್ಲ ನೀವು, ಅದಕ್ಕೇ ಹಾಗೆ ಹೇಳುತ್ತೀರಿ. ನನ್ನ ಮದುವೆಯಲ್ಲಿ ನಾನು ಅಳಬೇಕಾಗಿದ್ದುದು ಸಂಜೆ ಐದರಿಂದ ಐದೂಕಾಲರ ತನಕ. ಹಾಗಂತ ಚೀಟಿ ಬರೆದು, ಕೆಳಗೆ ಸಹಿ ಹಾಕಿ, ನನ್ನ ಕೈಗೇ ಕೊಟ್ಟಿದ್ದರು. ವಧುವಿನ ಕಣ್ಣೀರಿಗೂ ವೇಳಾಪಟ್ಟಿ ಹಾಕಿದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಎದುರುಬದುರು ಕೂರಿಸಿ ನೋಡುವ ಆಸೆ ನನಗಿದೆ!

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ನನಗೆ ಮೂರು ವರ್ಷವಿದ್ದಾಗ ಧಾರವಾಡದಲ್ಲಿ ಪ್ಲೇಗು ಬಂತು. ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನರಾಗಿದ್ದ ಕಾಕಾ ತಂತಿ ಮುಟ್ಟಿ ಓಡಿ ಬರುವಷ್ಟರಲ್ಲಿ ಅವ್ವ ಹೋಗಿದ್ದಳು. ಮರುದಿನ ಅಪ್ಪನೂ ಹೋದರು. ಹೋಗುವಾಗ ತಮ್ಮನ ಕೈ ಹಿಡಿದು ಒಂದೇ ಮಾತು ಹೇಳಿದ್ದರಂತೆ: "ಇಕಿ ಮದಿವ್ಯಾಗ, ತಂದಿ ಇಲ್ಲದ ಕೂಸು ಅಂತ ಯಾರೂ ಅನಬಾರದು ನೋಡು."

ಕಾಕಾ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ರೈಲಿನಲ್ಲಿ ಪುಣೆಗೆ ಕರೆತಂದರು. ದಾರಿಯುದ್ದಕ್ಕೂ ನಾನು ಅತ್ತೆನಂತೆ. ಬೆಳಗಾವಿಯಲ್ಲಿ ಕುಂದಾ ಕೊಡಿಸಿದರು, ಮಿರಜಿನಲ್ಲಿ ಗಲಗಲ ಅನ್ನುವ ಗಿಲಕಿ ಕೊಡಿಸಿದರು, ಅಳು ನಿಲ್ಲಲಿಲ್ಲ. ಕೊನೆಗೆ ಪುಣೆ ಹತ್ತಿರವಾಗಿ ಜೇಜೂರಿ ಬಂದಾಗ, ಯಾರೂ ಏನೂ ಮಾಡದೆ ತಾನಾಗಿಯೇ ನಿಂತಿತಂತೆ. "ಜೇಜೂರಿ ಖಂಡೋಬಾ ನನ್ನ ಮಾನಾ ಕಾಯ್ದ" ಅಂತ ಕಾಕಾ ಮನೆಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಿದ್ದರು. ಅವರಿಗೂ ಅವರ ಹೆಂಡತಿ, ನಮ್ಮ ಕಾಕುಗೂ ಮಕ್ಕಳಾಗಲಿಲ್ಲ. ಹೀಗಾಗಿ ಶನಿವಾರ ಪೇಠೆಯ, ಎಂಟು ಬಿಡಾರಗಳಿದ್ದ ವಾಡೆಯಲ್ಲಿ, ನಮ್ಮ ಎರಡು ಖೋಲಿಗಳಿಗೆ ನಾನೊಬ್ಬಳೇ ಮಹಾರಾಣಿ.

ಇನ್ನು ಅವರ ಹುಚ್ಚಿನ ಮಾತು. ನನಗೆ ಹನ್ನೆರಡು ತುಂಬಿದ ವರ್ಷ ಅವರ ಕಚೇರಿಯಲ್ಲಿ ಹೆಡ್ ಕ್ಲಾರ್ಕನ ಜಾಗ ತೆರವಾಯಿತು. ಹಿರಿತನದ ಪ್ರಕಾರ ಕಾಕಾಗೇ ಬರಬೇಕು. ಬರಲಿಲ್ಲ. ಬಿಳಿಯ ಸಾಹೇಬ ಕರೆದು, ನೀನು ನಾಲ್ಕು ಜನರ ಕೆಲಸ ಒಬ್ಬನೇ ಮಾಡುತ್ತೀ, ನಾಲ್ಕು ಜನರಿಂದ ಕೆಲಸ ಮಾಡಿಸಲು ಮಾತ್ರ ನಿನಗೆ ಬರುವುದಿಲ್ಲ ಅಂದನಂತೆ. ಬೇರೆಯವರಾದರೆ ಸಾಹೇಬನನ್ನು ಬೈದು, ಉಂಡು ಮಲಗುತ್ತಿದ್ದರು. ನಮ್ಮ ಕಾಕಾ ಕೋಟು ಬಿಚ್ಚುವ ಮೊದಲೇ ಕಾಕುವಿನ ಎದುರಿಗೆ ಬಂದು ನಿಂತರು.

"ಸಾಹೇಬ ಅಂದದ್ದು ಖರೇ ಅದ. ಮಾಡಸೂದು ಕಲೀಬೇಕು."

"ಯಾರ ಕಡಿಂದ ಮಾಡಸ್ತೀರಿ?"

"ನಿಮ್ಮೆಲ್ಲಾರ ಕಡಿಂದ."

"ಮದಿವ್ಯಾಗಿ ಬಂದಾಗಿಂದ ನಾ ಮತ್ತೇನು ಮಾಡ್ಲಿಕ್ಕತ್ತೇನ್ರಿ?" ಅಂದು ಕಾಕು ಒಲೆಯ ಮುಂದೆ ಹೋದರು.

ಮರುದಿನದಿಂದಲೇ ಅಭ್ಯಾಸ ಶುರು. ಗೋಡೆಯ ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿ ಸಾಹೇಬನ ದನಿ ತೆಗೆಯುವುದು. ಕಿವಿಯ ಮೇಲೊಂದು ಪೆನ್ಸಿಲು, ಕಿಸೆಯಲ್ಲಿ ಚೀಟಿಗಳ ಕಟ್ಟು. ಮನೆಯ ಪ್ರತಿಯೊಂದು ಕೆಲಸಕ್ಕೂ ಒಂದು ಚೀಟಿ: ಏನು ಕೆಲಸ, ಯಾರು ಮಾಡಬೇಕು, ಎಷ್ಟು ಗಂಟೆಗೆ. ಮುಗಿದ ಮೇಲೆ ಅವರೆದುರು ನಿಂತು "ಆತ್ರಿ" ಅಂತ ವರದಿ ಒಪ್ಪಿಸಬೇಕು. ನನಗೆ ಬಂದ ಮೊದಲ ಚೀಟಿ ಹೀಗಿತ್ತು: "ತುಳಸಿಗೆ ನೀರು. ಏಳು ಗಂಟೆ." ಏಳಕ್ಕೆ ಐದು ನಿಮಿಷವಿರುವಾಗ ತಂಬಿಗೆ ಹಿಡಿದು ಹೊರಗೆ ಬಂದು ನೋಡಿದರೆ ತುಳಸಿ ಆಗಲೇ ಒದ್ದೆ! ಕಾಕಾ ತಾಳಲಾರದೆ ತಾವೇ ಹಾಕಿಬಿಟ್ಟಿದ್ದರು. ನಾನೇನು ಕಡಿಮೆಯೇ? ಎದುರಿಗೆ ನಿಂತು "ಆತ್ರಿ" ಅಂದೆ. ಅವರು ಗಂಭೀರವಾಗಿ ಚೀಟಿಯ ಮೇಲೆ ಸರಿ ಗುರುತು ಹಾಕಿದರು.

ಅಲ್ಲೇ ಇತ್ತು ನೋಡಿ ರೋಗದ ಬೇರು. ಚೀಟಿ ನಮ್ಮ ಕೈಗೆ ಬಂದು ಮುಟ್ಟುವ ಮೊದಲೇ ಅವರ ಕೈ ಕೆಲಸಕ್ಕೆ ಹೋಗಿ ಮುಟ್ಟಿರುತ್ತಿತ್ತು. ಕೆಳಗಿನ ಖೋಲಿಯ ಸಾಗವಾನಿ ಕಪಾಟನ್ನು ಮೇಲಕ್ಕೆ ಸಾಗಿಸಬೇಕಾದಾಗ ವಾಡೆಯ ನಾಲ್ವರು ಗಂಡಸರಿಗೆ ಕಪಾಟಿನ ಒಂದೊಂದು ಮೂಲೆ ಹಂಚಿ ಚೀಟಿ ಕೊಟ್ಟರು. ತಾವು ಮೆಟ್ಟಿಲ ಮೇಲೆ ನಿಂತು ಹುಕುಂ ಮಾಡುವುದು ಮಾತ್ರ ಅಂತ ಠರಾವಾಗಿತ್ತು. ಎರಡು ಮೆಟ್ಟಿಲು ಏರುವಷ್ಟರಲ್ಲಿ "ಹಂಗಲ್ರೀ, ಸ್ವಲ್ಪ ಸರೀರಿ" ಅನ್ನುತ್ತ ಕೆಳಗೆ ನುಗ್ಗಿದರು. ಮೊದಲು ಒಬ್ಬರನ್ನು ಸರಿಸಿದರು, ಆಮೇಲೆ ಇನ್ನೊಬ್ಬರನ್ನು. ಕಡೆಗೆ ನಾನು ಕಂಡದ್ದೇನು? ಕಪಾಟು ಕಾಕಾನ ಬೆನ್ನ ಮೇಲೆ. ನಾಲ್ವರೂ ಹಿಂದಿನಿಂದ ಕೈಕಟ್ಟಿಕೊಂಡು "ಸಾವಕಾಶ ರೀ, ಸಾವಕಾಶ" ಅನ್ನುತ್ತ ಮೆಟ್ಟಿಲೇರುತ್ತಿದ್ದಾರೆ! ಹುಕುಂ ಮಾಡುವ ವಿದ್ಯೆ ಅವತ್ತು ಆ ನಾಲ್ವರಿಗೆ ಚೆನ್ನಾಗಿ ಹತ್ತಿತು. ಕಾಕಾ ಎಂಟು ದಿನ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡರು. "ಇದಕ್ಕ ಚೀಟಿ ಬರದಿಲ್ಲೇನ್ರಿ?" ಅಂತ ಕಾಕು ಕೇಳುತ್ತಲೇ ಹಚ್ಚಿದರು.

ಮಾಳಿಗೆಯ ಮೇಲೆ ಹಪ್ಪಳ ಮಾಡುವ ದಿನವೂ ಇದೇ ಹಾಡು. ಹಿಟ್ಟು ಕುಟ್ಟುವ ಖಾತೆ, ಉಂಡೆಯ ಖಾತೆ, ಲಟ್ಟಿಸುವ ಖಾತೆ ಅಂತ ವಾಡೆಯ ಹೆಂಗಸರನ್ನು ಹಂಚಿದರು. ಉಂಡೆಯ ಖಾತೆಯ ವರದಿ ಬರದೆ ಲಟ್ಟಿಸಬಾರದು. ವರದಿ ಒಪ್ಪಿಸೋಣವೆಂದರೆ ನಮ್ಮ ಮನೆಯ ಸಾಹೇಬರು ಕಾಗೆ ಕಾಯುವ ಕೆಲಸ ತಾವೇ ಹಿಡಿದು, ಕೊಡೆಯ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದರು. ಆ ವರ್ಷದ ಹಪ್ಪಳ ತಿಂದವರು ಹೆಚ್ಚಾಗಿ ಕಾಗೆಗಳೇ.

ಇಂಥವರ ಕೈಗೆ ನನ್ನ ಮದುವೆ ಬಂತು.

ಬೀಗರು ಧಾರವಾಡದವರು. ಗಂಡಿನ ತಂದೆಗೆ ರಜೆ ಇರಲಿಲ್ಲ. ಬೆಳಿಗ್ಗೆ ರೈಲಿನಿಂದ ಇಳಿದು, ಮದುವೆ ಮುಗಿಸಿ, ಸಂಜೆಯ ರೈಲಿಗೆ ಹೆಣ್ಣನ್ನು ಕರೆದುಕೊಂಡು ಹೊರಡಬೇಕು. ಆ ಕಾಲಕ್ಕೆ ಒಂದೇ ದಿನದ ಮದುವೆ ಅಂದರೆ ದೊಡ್ಡ ಸೋಜಿಗ. ಎಲ್ಲಿ ಏನು ತಡವಾದರೂ, ಏನು ಕಡಿಮೆಬಿದ್ದರೂ, "ಪಾಪ, ತಂದಿ ಇಲ್ಲದ ಹುಡುಗಿ, ಕೇಳವರಿಲ್ಲ" ಅನ್ನುವ ಮಾತು ಬೀಗರ ಬಾಯಲ್ಲಿ ಬಂದೇ ಬರುತ್ತದೆ. ಕಾಕಾ ಅದೊಂದಕ್ಕೇ ಹೆದರಿದ್ದರು. ತಿಂಗಳುಗಟ್ಟಲೆ ಕೂತು ನೂರಕ್ಕೂ ಮಿಕ್ಕಿ ಚೀಟಿ ಬರೆದರು. ನಮ್ಮವರಿಗೆ ಕನ್ನಡದಲ್ಲಿ, ಊರವರಿಗೆ ಮರಾಠಿಯಲ್ಲಿ. ಶುಭಕಾರ್ಯದ ಕಾಗದ ಬರಿದೇ ಕೊಡಬಾರದು ಅಂತ ಕಾಕು ಪ್ರತಿಯೊಂದರ ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿದರು. ಭಟ್ಟರು ತಮ್ಮದನ್ನು ಪಂಚಾಂಗದೊಳಗೆ ಗುರುತಿಗೆ ಇಟ್ಟುಕೊಂಡರು. ನೀರು ಹೊರುವ ಮಾರುತಿ ತನ್ನದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ನನ್ನ ಚೀಟಿ ಓದಿ ನಾನು ಕೇಳಿದೆ, "ಕಾಕಾ, ಇದೇನು? ಅಳೂದಕ್ಕೂ ಹೊತ್ತು?"

"ಮತ್ತ? ಐದೂವರಿಗೆ ಟಾಂಗಾ ಬರ್ತಾವ. ಟಾಂಗಾದಾಗ ಅತ್ತರ ಓಣಿ ಮಂದಿ ನೋಡ್ತಾರ. ಸ್ಟೇಶನ್ನಿನ್ಯಾಗ ಅತ್ತರ ಗಾಡಿ ತಪ್ಪತದ."

"ಹದಿನೈದು ಮಿನಿಟು ಸಾಲದಿದ್ದರ?"

ಕಾಕಾ ಗಡಿಯಾರ ತೆಗೆದು ಬಹಳ ಹೊತ್ತು ಯೋಚಿಸಿದರು. "ಇನ್ನೈದು ತಗೋ. ಅದಕ್ಕಿಂತ ಹೆಚ್ಚು ನನ್ನ ಕಡೆ ಇಲ್ಲ."

ಹಿಂದಿನ ದಿನ ವಾಡೆಯ ಚೌಕದಲ್ಲಿ ತಾಲೀಮು. ಯಾರು ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಅಕ್ಷತೆ ಯಾವ ಕೈಯಲ್ಲಿ ಅಂತ ಬೆಳಗಿನಿಂದ ಸಂಜೆಯವರೆಗೆ ಸಾಹೇಬನ ದನಿಯಲ್ಲಿ ಕೂಗಿದರು. ದೀಪ ಹಚ್ಚುವ ಹೊತ್ತಿಗೆ ಆ ದನಿಯೂ ಹೋಯಿತು, ಅವರ ಸ್ವಂತದ ದನಿಯೂ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಗಂಟಲಿಗೆ ಅಂತ ಜೇಷ್ಠಮಧು ಅರೆಯುತ್ತ ಕಾಕು ನನ್ನ ಕಿವಿಯಲ್ಲಿ, "ದೇವರು ಕಣ್ಣು ತೆರದ್ನವಾ" ಅಂದರು.

ಬೆಳಗಾಯಿತು. ಬೀಗರ ಟಾಂಗಾಗಳು ಸ್ಟೇಶನ್ನು ಬಿಟ್ಟ ಸುದ್ದಿ ಬಂತು. ಇಪ್ಪತ್ತೈದು ಜನ ಬಂದಿಳಿದ ಕೂಡಲೇ ಸ್ನಾನಕ್ಕೆ ನೀರು ಬೇಕು. ಹಂಡೆಗಳೆಲ್ಲ ಒಣಗಿ ನಿಂತಿವೆ. ನಸುಕಿನಲ್ಲೇ ಬರಬೇಕಾಗಿದ್ದ ಮಾರುತಿಯ ಸುಳಿವಿಲ್ಲ. ಕಾಕಾ ಬಾಗಿಲಿಗೂ ಚೌಕದ ನೀರಿನ ಹೌದಕ್ಕೂ ತಿರುಗುತ್ತಿದ್ದಾರೆ, ಬೈಯಲು ದನಿ ಇಲ್ಲ.

ಅಷ್ಟರಲ್ಲಿ ಮಾರುತಿ ಬಂದ. ಹೇಗೆ ಬಂದ ಅಂತೀರಿ! ತಲೆಗೆ ಹೊಸ ಕೆಂಪು ರುಮಾಲು, ಹೆಗಲ ಮೇಲೆ ಮಡಿಕೆ ಮುರಿಯದ ಉಪರಣೆ. ಹಿಂದೆ ಹಸಿರು ಲುಗಡೆ ಸೀರೆಯುಟ್ಟ ಹೆಂಡತಿ, ಇಬ್ಬರು ತಮ್ಮಂದಿರು, ಅವರ ಹೆಂಡಿರು. ಕೈಯಲ್ಲಿ ಕೊಡವಿಲ್ಲ, ನನಗೆ ಅಂತ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ. ನಾಲ್ಕು ಮೂಲೆಗೆ ಕುಂಕುಮ ಹಚ್ಚಿದ ಕಾಗದವೆಂದರೆ ಲಗ್ನಪತ್ರಿಕೆಯಲ್ಲದೆ ಮತ್ತೇನು? ಓದಲು ಬಾರದ ಮಾರುತಿ ಅದನ್ನು ದೇವರ ಮುಂದಿಟ್ಟು, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮದುವೆಗೆ ಬಂದಿದ್ದ. ಪೇಠೆಯ ಎಷ್ಟೋ ಮದುವೆಗಳಿಗೆ ನೀರು ಹೊತ್ತವನು. ಪತ್ರಿಕೆ ಕೊಟ್ಟು ಕರೆದವರು ಇವರೇ ಮೊದಲಂತೆ.

ಕಾಕಾ ಬಾಯಿ ತೆರೆದರು. ಗಾಳಿ ಬಂತು. ಆ ಕ್ಷಣ ದನಿ ಇದ್ದಿದ್ದರೆ ಏನು ಹೇಳುತ್ತಿದ್ದರೋ ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಅವರು ರುಮಾಲು ನೋಡಿದರು, ಖಣ ನೋಡಿದರು, ಬಾಯಿ ಮುಚ್ಚಿದರು. ಕೈಜೋಡಿಸಿ ಎಲ್ಲರನ್ನೂ ಒಳಗೆ ಕರೆದು, ಬೀಗರಿಗಾಗಿ ಹಾಸಿದ್ದ ಜಮಖಾನೆಯ ಮೇಲೆ ಕೂರಿಸಿ, ಒಬ್ಬೊಬ್ಬರಿಗೂ ಗುಲಾಬಿ ನೀರು ಸಿಂಪಡಿಸಿದರು. ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಧೋತರದ ಕಚ್ಚೆ ಬಿಗಿದು, ತಾವೇ ಕೊಡ ಹಿಡಿದು ಹೌದದ ಕಡೆ ನಡೆದರು. ಹಳೆಯ ಚಾಳಿ!

ಮಾರುತಿ ಜಮಖಾನೆಯಿಂದ ದಡಬಡಿಸಿ ಎದ್ದ. "ಅಹೋ, ಹೇ ಕಾಯ ಕರತಾ?" ಅಂತ, ಇದೇನು ಮಾಡುತ್ತೀರಿ ಅನ್ನುತ್ತ ಓಡಿಹೋಗಿ ಕೊಡ ಕಸಿದುಕೊಂಡ. ತಮ್ಮಂದಿರು ಉಪರಣೆ ತೆಗೆದಿಟ್ಟು ಸೊಂಟಕ್ಕೆ ಪಂಚೆ ಸುತ್ತಿದರು. ಹೆಂಗಸರು ಕೇಳದೆಯೇ ಹಂದರ ಗುಡಿಸಿ, ರಂಗೋಲಿ ಹಾಕಿ, ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಕೂತರು. ಒಬ್ಬನನ್ನು ಕರೆದಲ್ಲಿ ಆರು ಜನ! ಬೇಡವೆಂದು ಕಾಕು ಅಡ್ಡ ಬಂದರೆ ಮಾರುತಿ, "ಆಪಲ್ಯಾ ಘರಚಂ ಲಗ್ನ ಆಹೆ, ಬಾಯಿ" ಅಂದ. ನಮ್ಮ ಮನೆಯದೇ ಮದುವೆ, ಅಂತ. ಬೀಗರ ಮೊದಲ ಟಾಂಗಾ ಓಣಿ ತಿರುಗುವಾಗ ಹಂಡೆಗಳಿಂದ ಹಬೆ ಏಳುತ್ತಿತ್ತು.

ಕಾಕಾ ಬರಿಗೈಯಲ್ಲಿ ಚೌಕದ ನಡುವೆ ನಿಂತಿದ್ದರು. ಅಡುಗೆಯವನು ಬಂದು, ಪಾಯಸಕ್ಕೆ ಬೆಲ್ಲ ಇನ್ನಷ್ಟು ಹಾಕಲೇ ಅಂತ ಕೇಳಿದ. ಕಾಕಾ ನಕ್ಕು, ನಿನಗೆ ಸರಿಕಂಡಂತೆ ಅಂತ ಕೈಮಾಡಿದರು. ಮಾತಿಲ್ಲದವರು ಇನ್ನೇನು ಮಾಡಬೇಕು? ದಿನವೆಲ್ಲ ಯಾರು ಏನು ಕೇಳಿದರೂ ಅದೇ ನಗು, ಅದೇ ಕೈ. ಎಲ್ಲರೂ ಹೋಗಿ ತಮಗೆ ಸರಿಕಂಡಂತೆ ಮಾಡಿದರು, ಎಲ್ಲವೂ ಸರಿಯಾಯಿತು. ಪಂಕ್ತಿಯಲ್ಲಿ ಬೀಗರ ಕಡೆಯ ಒಬ್ಬ ಮುದುಕಿ, ನಮ್ಮ ಮನೆಯ ಸಂಗತಿ ತಿಳಿಯದವರು, ಕಾಕುಗೆ ಹೇಳಿದರು: "ಹುಡುಗಿ ತಂದಿ ಭಾಳ ಶಾಂತ ಮನಶ್ಯಾ ಕಾಣ್ತಾರ. ಒಂದು ದನಿ ಎತ್ತಿ ಮಾತಾಡಲಿಲ್ಲ ನೋಡ್ರಿ."

"ಹೌದ್ರಿ, ಮೊದಲಿಂದ್ಲೂ ಹಂಗ" ಅಂದ ಕಾಕು ಬಡಿಸುವುದನ್ನು ಬಿಟ್ಟು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದರು. ಹೆಡ್ ಕ್ಲಾರ್ಕನ ಪದವಿ ಕಾಕಾಗೆ ಮುಂದೆಯೂ ಬರಲಿಲ್ಲ. ಆ ಮಾತನ್ನು ಅವರು ಮತ್ತೆ ಎತ್ತಲೂ ಇಲ್ಲ.

ಸಂಜೆ ಐದಾಯಿತು. ಕಾಕಾ ಗಡಿಯಾರ ಹಿಡಿದು ಎದುರಿಗೆ ಕೂತರು. ನನಗೆ ಅಳು ಬರಲೇ ಇಲ್ಲ. ಅವರ ಮುಖ ನೋಡಿದಷ್ಟೂ ನಗು. ನನ್ನ ಪಾಲಿನದನ್ನೂ ಕಾಕುವೇ ಅತ್ತು ಮುಗಿಸಿದರು. ಐದೂಇಪ್ಪತ್ತಕ್ಕೆ ನಾನು ಚೀಟಿ ಮುಂದೆ ಚಾಚಿ "ಆತ್ರಿ" ಅಂದೆ. ಅವರು ಸರಿ ಗುರುತು ಹಾಕಿ ನನಗೇ ವಾಪಸು ಕೊಟ್ಟರು.

ಸ್ಟೇಶನ್ನಿನಲ್ಲಿ ಕಾಕಾ ರೈಲಿನ ಡಬ್ಬಿಯೊಳಗೆ ಹತ್ತಿ ನನ್ನ ಟ್ರಂಕು ಇಟ್ಟರು. ಹಾಸಿಗೆ ಸುರುಳಿ ಇಟ್ಟರು, ನೀರಿನ ಹೂಜಿ ಇಟ್ಟರು. ಟ್ರಂಕನ್ನು ಮತ್ತೊಮ್ಮೆ ಸರಿಸಿಟ್ಟರು. ಸಿಳ್ಳೆಯಾಯಿತು. ಪ್ಲಾಟ್‌ಫಾರ್ಮಿನಿಂದ ಕಾಕು, "ಏನ್ರಿ, ಇಳೀರಿ, ಗಾಡಿ ಬಿಡ್ತು" ಅಂತ ಕಿಟಕಿ ಬಡಿದರು. ಕಾಕಾ ಹೂಜಿಯ ಮುಚ್ಚಳ ಸರಿಮಾಡುತ್ತಲೇ ಇದ್ದರು. ಗಾಡಿ ಹೊರಟಿತು. ಕಾಕು ಹಿಂದೆ ಉಳಿದರು. ಘೋರ್ಪಡಿ ಸ್ಟೇಶನ್ನೂ ಹೋಯಿತು. ಬೀಗರೆಲ್ಲ ಮುಖಮುಖ ನೋಡಿಕೊಂಡರು. ಇದು ಯಾವ ಚೀಟಿಯಲ್ಲೂ ಇರಲಿಲ್ಲ.

ಕಾಕಾ ನನ್ನ ಎದುರಿಗೆ ಕೂತು ನನ್ನ ಕೈಯಿಂದ ಚೀಟಿ ತೆಗೆದುಕೊಂಡರು. ಕಿವಿಯ ಮೇಲಿನ ಪೆನ್ಸಿಲಿನಿಂದ ಅದರ ಹಿಂಬದಿಗೆ ಏನೋ ಬರೆದು ಕೊಟ್ಟರು. ಗಾಡಿಯ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗಿದ್ದವು.

"ನಾ ಎಲ್ಲೆ ಇಳೀಬೇಕು, ನೀನ ಹೇಳು."

ಆಗ ಅಳು ಬಂತು ನೋಡಿ. ಹೊಸ ಅತ್ತೆ, ಮಾವ, ಗಂಡ ಎಲ್ಲರೆದುರಿಗೆ, ಮೂರು ವರ್ಷದ ಕೂಸು ಅತ್ತಂತೆ ಅತ್ತೆ. ಅವರ ತೊಡೆಯ ಮೇಲೆ ತಲೆಯಿಟ್ಟು, "ಜೇಜೂರಿ ಬಂದ ಮ್ಯಾಲೆ ಹೇಳ್ತೇನಿ, ಕಾಕಾ" ಅಂದೆ.

ಅವರು ತಲೆಯಾಡಿಸಿ ನನ್ನ ಬೆನ್ನ ಮೇಲೆ ಕೈಯಿಟ್ಟರು. ಎಷ್ಟು ಹೊತ್ತು ಅತ್ತೆನೋ ನನಗೆ ಗೊತ್ತಿಲ್ಲ. ಕಾಕಾ ಗಡಿಯಾರ ನೋಡಲಿಲ್ಲ.