ಪುಕ್ಕಟೆ ಪಾಠಶಾಲೆಗೆ ನಾನೇ ಗುಮಾಸ್ತ

ಪುಕ್ಕಟೆ ಸಿಗುವುದನ್ನು ಬೇಡ ಎನ್ನುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೀಜದ ಕಂಪನಿಯವರು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹಂಚಿದ ಟೋಪಿಗಳು ನಮ್ಮ ಮನೆಯಲ್ಲಿ ನಾಲ್ಕಿವೆ. ನಮಗಿರುವ ಜಮೀನು ಹಿತ್ತಲ ಎರಡು ತೆಂಗಿನ ಮರ. ಯಳಂದೂರಿನಲ್ಲಿ ಒಮ್ಮೆ ಉಚಿತ ಕಣ್ಣಿನ ತಪಾಸಣೆ ಎಂಬ ಬೋರ್ಡು ಕಂಡಿತು. ನನ್ನ ಕಣ್ಣು ಚೆನ್ನಾಗಿಯೇ ಇದ್ದದ್ದರಿಂದ ಆ ಬೋರ್ಡು ಬಹಳ ದೂರದಿಂದಲೇ ಕಂಡಿತ್ತು. ಆದರೂ ಹೋಗಿ ಸಾಲಿನಲ್ಲಿ ನಿಂತೆ. ಅವರು ಕಣ್ಣಿಗೆ ಏನೋ ಹನಿ ಬಿಟ್ಟರು. ಹೊರಗೆ ಬಂದರೆ ಲೋಕವೆಲ್ಲ ಮಂಜು ಮಂಜು. ಹೇಗೋ ಬಸ್ಸು ಹತ್ತಿ, ಅಗರದಲ್ಲಿ ಇಳಿದು, ಅದನ್ನೇ ನಮ್ಮೂರು ಕಾಮಗೆರೆ ಎಂದುಕೊಂಡು ಯಾರದೋ ಮನೆಯ ಜಗಲಿಯ ಮೇಲೆ ಕೂತು, ಒಂದು ಲೋಟ ನೀರು ತರಲು ಎಷ್ಟು ಹೊತ್ತು ಎಂದು ಗದರಿದೆ. ಆ ಮನೆಯಾಕೆ ಒಳ್ಳೆಯವಳು. ಮೊದಲು ನೀರು ಕೊಟ್ಟು, ನಾನು ಕುಡಿದು ಮುಗಿಸಿದ ಮೇಲೆ, "ನೀವ್ಯಾರಪ್ಪ?" ಎಂದು ಕೇಳಿದಳು.

ಇಂಥವನ ಕೈಗೆ ಇಂಟರ್ನೆಟ್ಟು ಸಿಕ್ಕಿತು. ಲೋಕದ ವಿದ್ಯೆಯನ್ನೆಲ್ಲ ಅಲ್ಲಿ ಬಿಟ್ಟಿಯಾಗಿ ಸುರಿದಿದ್ದಾರೆ, ಶಾಲೆಗೆ ಹೋಗದೆ ಮನೆಯಲ್ಲೇ ಕೂತು ಯಾರು ಏನು ಬೇಕಾದರೂ ಕಲಿಯಬಹುದು ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಇಷ್ಟು ದಿನ ಎಷ್ಟೆಲ್ಲ ಬಿಟ್ಟೆನಲ್ಲ ಎಂಬ ಸಂಕಟ. ಸಿಕ್ಕಸಿಕ್ಕ ಕೋರ್ಸಿಗೆಲ್ಲ ಹೆಸರು ಬರೆಸಿದೆ. ಜೇನುಗಳ ವರ್ತನೆ, ಪುರಾತನ ನಾಣ್ಯಗಳು, ಸಮಯ ನಿರ್ವಹಣೆ, ಕಲಿಯುವುದನ್ನು ಕಲಿಯುವುದು ಹೇಗೆ ಎಂಬುದು, ಅದನ್ನು ಬೇರೆಯವರಿಗೆ ಕಲಿಸುವುದು ಹೇಗೆ ಎಂಬುದು. ವಿಡಿಯೋಗಳನ್ನು ಎರಡರಷ್ಟು ವೇಗದಲ್ಲಿ ಓಡಿಸಿದರೆ ಸರ್ಟಿಫಿಕೇಟು ಅರ್ಧ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಯಾರೂ ಹೇಳಿಕೊಡದೆ ನಾನೇ ಕಲಿತೆ. ಪ್ರತಿ ಪಾಠ ಮುಗಿದಾಗಲೂ "ನೀವು ಅದ್ಭುತ!" ಎಂದು ಒಂದು ಸಂದೇಶ ಬರುತ್ತಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನನ್ನನ್ನು ಹಾಗೆ ಕರೆದವರು ಒಬ್ಬರೂ ಇರಲಿಲ್ಲ. ಎರಡು ದಿನ ಆ ಕಡೆ ತಲೆ ಹಾಕದಿದ್ದರೆ "ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದ್ದೇವೆ" ಎಂದು ಇನ್ನೊಂದು ಬರುತ್ತಿತ್ತು. ಅದನ್ನು ನನ್ನ ಹೆಂಡತಿ ಓದಿ, "ಯಾರ್ರೀ ಅವ್ಳು?" ಎಂದು ಕೇಳಿದ್ದೂ ಉಂಟು.

ಸರ್ಟಿಫಿಕೇಟುಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ದೇವರ ಪಟಗಳ ಸಾಲಿನಲ್ಲೇ ಜಾಗ ಸಾಲದೆ ಸ್ವಲ್ಪ ಕೆಳಗೆ ಹೊಡೆದೆ. ನಮ್ಮವ್ವನಿಗೆ ಓದು ಬರದು. ಪೂಜೆಯ ಹೊತ್ತಿನಲ್ಲಿ ಆಕೆ ಮಾದಪ್ಪನ ಪಟಕ್ಕೆ ವಿಭೂತಿ ಇಟ್ಟು, ಅದೇ ಬೆರಳಲ್ಲಿ ಸಮಯ ನಿರ್ವಹಣೆಗೂ ಮೂರು ಗೆರೆ ಎಳೆದುಬಿಡುತ್ತಿದ್ದಳು. ನಾನು ಬೇಡವೆನ್ನಲಿಲ್ಲ.

ಇದೆಲ್ಲ ನನ್ನ ಪಾಡಿಗೆ ನಾನು ಕೆಟ್ಟುಕೊಂಡದ್ದು. ತೊಂದರೆ ಶುರುವಾದದ್ದು ನಾನು ಹೆಂಡತಿಯ ಓದಿಗೆ ಕೈ ಹಾಕಿದಾಗ. ನಾಗಮಣಿ ನಮ್ಮೂರ ಅಂಗನವಾಡಿಯಲ್ಲಿ ಸಹಾಯಕಿ. ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡುಗೆ ಮಾಡುವುದು, ಪಾತ್ರೆ ಬೆಳಗುವುದು, ಮೂಗು ಒರೆಸುವುದು, ಎಲ್ಲ ಅವಳದೇ. ಹದಿನಾರು ವರ್ಷದಿಂದ ಟೀಚರ್ ರಜೆ ಹಾಕಿದ ದಿನವೆಲ್ಲ ಪಾಠ ಮಾಡಿದವಳೂ ಅವಳೇ. ಆ ಟೀಚರ್ ಸುಂದ್ರಮ್ಮ ಮುಂದಿನ ವರ್ಷ ನಿವೃತ್ತಿ. ಹತ್ತನೇ ಕ್ಲಾಸಿನ ಅಂಕಪಟ್ಟಿ ಒಂದಿದ್ದರೆ ಆ ಜಾಗಕ್ಕೆ ನಾಗಮಣಿಯನ್ನೇ ಮಾಡಬಹುದು, ಇಲ್ಲದಿದ್ದರೆ ಹೊರಗಿನವರು ಬರುತ್ತಾರೆ ಎಂದು ಮೇಲಿನವರು ಹೇಳಿಹೋಗಿದ್ದರು. ಅವಳು ಲೊಕ್ಕನಹಳ್ಳಿಯಲ್ಲಿ ಒಂಬತ್ತನೇ ಕ್ಲಾಸಿನವರೆಗೆ ಓದಿ, ಆಮೇಲೆ ನನ್ನ ಪಾಲಿಗೆ ಬಂದವಳು. "ನಾಳೆ ಯಾವ್ದೋ ಚಿಕ್ಕುಡ್ಗಿ ಬಂದು ಕುರ್ಚಿ ಮ್ಯಾಲ್ ಕೂತ್ಕಂಡು, ನಾಗಮಣಿ, ಒಲೆ ಅಚ್ಚು ಅಂತಾಳೆ. ನಾ ಅಚ್ಬೇಕು. ಈ ಸಲ ಪರೀಕ್ಸೆ ಕಟ್ಟೇ ಕಟ್ತೀನಿ ಕಣ್ರಿ" ಎಂದಳು. ಹೇಳುವಾಗ ನಗುತ್ತಿದ್ದಳು. ಆದರೆ ಕಣ್ಣಲ್ಲಿ ನಗು ಇರಲಿಲ್ಲ, ಅದು ನನಗೂ ಗೊತ್ತಾಯಿತು. ಹನೂರಿನಲ್ಲಿ ಟ್ಯೂಷನ್ ಇದೆಯಂತೆ, ವಿಚಾರಿಸಿ ಬನ್ನಿ ಎಂದಳು. "ಟ್ಯೂಷನ್ ಯಾಕೆ? ಲೋಕದ ದೊಡ್ಡ ದೊಡ್ಡ ಪ್ರೊಫೆಸರುಗಳೆಲ್ಲ ಪುಕ್ಕಟೆ ಕಾದು ಕೂತಿದ್ದಾರೆ. ಅರ್ಜಿ ಹಾಕಲು, ಪಾಠ ಹೇಳಲು ನಾನಿಲ್ಲವೇ?" ಎಂದೆ.

ನಾನಿದ್ದೆ, ಅದೇ ಕಷ್ಟ. ನಾನು ಕೊಳ್ಳೇಗಾಲದ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತ. ಶಾಲೆಯೊಳಗೆ ಇಷ್ಟು ವರ್ಷ ಇದ್ದರೂ ತರಗತಿಯೊಳಗೆ ಕಾಲಿಟ್ಟದ್ದು ಸುತ್ತೋಲೆಗೆ ಸಹಿ ಹಾಕಿಸಲು ಮಾತ್ರ. ನನ್ನ ಕಣ್ಣಿಗೆ ಶಾಲೆ ಎಂದರೆ ಹಾಜರಿ ಪುಸ್ತಕ, ಟೀಸಿ, ವೇಳಾಪಟ್ಟಿ, ಟ್ಯಾಗು ಹಾಕಿದ ಕಡತ. ಪಾಠ ಎನ್ನುವುದು ಇವುಗಳ ನಡುವೆ ಬಿಡುವಾದಾಗ ಮೇಷ್ಟ್ರುಗಳು ಮಾಡಿಕೊಳ್ಳುವ ಕೆಲಸ. ಹೀಗಾಗಿ ಮನೆಯಲ್ಲಿ ಶಾಲೆ ತೆರೆದಾಗ ಮೊದಲು ಮಾಡಿದ್ದು ಒಂದು ಹೊಸ ಹಾಜರಿ ಪುಸ್ತಕಕ್ಕೆ ಗೆರೆ ಹಾಕಿದ್ದು. ಕ್ರಮ ಸಂಖ್ಯೆ ಒಂದು, ನಾಗಮಣಿ. ಎರಡನೆಯವರಿರಲಿಲ್ಲ. ಸಂಜೆ ಏಳಕ್ಕೆ ದೇವರ ಮನೆಯ ಜಾಗಟೆ ಬಾರಿಸುತ್ತಿದ್ದೆ. ಅವಳು ಒಲೆಯ ಮುಂದಿನಿಂದ "ಬಂದೆ" ಎಂದರೆ ಹಾಜರಿ. ಐದು ನಿಮಿಷ ತಡವಾದರೆ ಕೆಂಪು ಶಾಯಿ. ಬಾರದಿದ್ದರೆ ರಜಾ ಅರ್ಜಿ ಬರೆದುಕೊಡಬೇಕು. ಪಾಪ, ಬರೆದುಕೊಡುತ್ತಿದ್ದಳು. "ಮಾನ್ಯರೇ, ರುಬ್ಬುವ ಕೆಲಸ ಇರುವ ಕಾರಣ", "ಮಾನ್ಯರೇ, ನಿಮ್ಮ ತಂಗಿ ಬಂದಿರುವ ಕಾರಣ". ನಾನು ಎಲ್ಲಕ್ಕೂ ಮಂಜೂರು ಎಂದು ಬರೆದು, ಸಹಿ ಮಾಡಿ, ಕಡತಕ್ಕೆ ಸೇರಿಸುತ್ತಿದ್ದೆ. ಓದುವುದು ನನ್ನ ಅಭ್ಯಾಸವಲ್ಲ. ಸಹಿ ಮಾಡುವವನು ಓದತೊಡಗಿದರೆ ಯಾವ ಆಫೀಸೂ ನಡೆಯುವುದಿಲ್ಲ.

ಪಾಠಗಳ ವಿಷಯ ಹೇಳಬೇಕು. ಗಣಿತಕ್ಕೆ ನಾನು ಆರಿಸಿದ್ದು ಸಮುದ್ರದಾಚೆಯ ಒಬ್ಬ ಪ್ರೊಫೆಸರು. ಅವರು ನಗುನಗುತ್ತ, ಉಸಿರು ಬಿಡದೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಾನು ನಡುನಡುವೆ ನಿಲ್ಲಿಸಿ ಕನ್ನಡ ಮಾಡುತ್ತಿದ್ದೆ. ನನಗೆ ಅರ್ಥವಾಗದ ಕಡೆ "ಇದು ಪರೀಕ್ಷೆಗೆ ಬರುವುದಿಲ್ಲ" ಎನ್ನುತ್ತಿದ್ದೆ. ಹಾಗೆ ನೋಡಿದರೆ ಪರೀಕ್ಷೆಗೆ ಬರುವಂಥದು ಬಹಳ ಕಡಿಮೆ ಇತ್ತು. ಎತ್ತರ ಲೆಕ್ಕ ಹಾಕುವ ಪಾಠದಲ್ಲಿ ಸಮುದ್ರದ ನಡುವೆ ಒಂದು ದೀಪಸ್ತಂಭ ಬಂತು. ಹಡಗಿನಲ್ಲಿ ನಿಂತವನು ಅದರ ಎತ್ತರ ತಿಳಿಯಬೇಕು. "ಅವ್ನು ಅಡಗಲ್ಲಿ ಓಗೋ ಕೆಲಸ ಬುಟ್ಟು ಅದ್ಯಾಕ್ ಅಳೀತಾನೆ?" ಎಂದು ನಾಗಮಣಿ ಕೇಳಿದಳು. ಇದು ಪರೀಕ್ಷೆಗೆ ಬರುವುದಿಲ್ಲ ಎಂದೆ. ಸಂಭವನೀಯತೆಯ ಪಾಠದಲ್ಲಿ ಆ ಮಹಾರಾಯರು ಇಸ್ಪೀಟಿನ ಎಲೆ ಹರಡಿದರು. ರಾಜ ಬರುವ ಸಾಧ್ಯತೆ ಎಷ್ಟು, ರಾಣಿ ಬರುವ ಸಾಧ್ಯತೆ ಎಷ್ಟು ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡಿರುವಾಗ ಹಿಂದೆ ನಮ್ಮವ್ವ ಬಂದು ನಿಂತದ್ದು ತಿಳಿಯಲಿಲ್ಲ. "ಯಾನ್ಲಾ ಇದು ಮಾದೇವ? ನಿಮ್ಮಪ್ಪ ಅಳ್ಳೀಕಟ್ಟೇಲಿ ಆಡ್ತಿದ್ದ, ನೀ ಎಡ್ತಿ ಕೂರಿಸ್ಕಂಡು ದೇವ್ರ ಮುಂದೆ ಆಡ್ತಿದ್ದೀಯಲ್ಲೋ!" ಎಂದು ಕೂಗಿದ ಕೂಗು ಎದುರು ಮನೆಗೂ ಕೇಳಿತು. ಸಂಭವನೀಯತೆಯನ್ನು ಅಲ್ಲಿಗೇ ಕೈಬಿಟ್ಟೆವು.

ನಡುವೆ ನಾಗಮಣಿಯೇ ಒಂದು ಪಾಠ ಹುಡುಕಿ ತಂದು ತೋರಿಸಿದಳು. ಯಾವುದೋ ಹಳ್ಳಿ ಶಾಲೆಯ ಮೇಡಂ ಒಬ್ಬರು ಕರಿಹಲಗೆಯ ಮುಂದೆ ನಿಂತು, ಸೀಮೆಸುಣ್ಣದಲ್ಲಿ, ಕನ್ನಡದಲ್ಲಿ, ಪುಸ್ತಕದ ಲೆಕ್ಕಗಳನ್ನೇ ಒಂದೊಂದಾಗಿ ಬಿಡಿಸುತ್ತಿದ್ದರು. ಹಿನ್ನೆಲೆಯಲ್ಲಿ ಕೋಳಿ ಕೂಗುತ್ತಿತ್ತು. ಹಲಗೆಯ ಒಂದು ಮೂಲೆ ಕಿತ್ತುಹೋಗಿತ್ತು. "ಇವ್ರು ಯೋಳೋದು ತಿಳೀತದೆ ಕಣ್ರಿ" ಎಂದಳು. ನಾನು ಕೆಳಗೆ ಮೇಲೆ ಹುಡುಕಿದೆ. "ಸರ್ಟಿಫಿಕೇಟು ಎಲ್ಲಿ ಕೊಡುತ್ತಾರೆ?" ಎಂದೆ. ಕೊಡುವುದಿಲ್ಲವಂತೆ. ಸರ್ಟಿಫಿಕೇಟು ಕೊಡದ ಪಾಠವೂ ಒಂದು ಪಾಠವೇ? ಎಂದು ನಕ್ಕು, ಅವಳ ಕೈಗೆ ಫೋನು ವಾಪಸು ಕೊಟ್ಟೆ. ಅವಳು ಫೋನನ್ನು ಸೆರಗಿನಲ್ಲಿ ಒರೆಸಿಕೊಂಡು ಎದ್ದು ಹೋದಳು. ಆಗಲೇ ನಾನು ಹುಷಾರಾಗಬೇಕಿತ್ತು.

ಒಂದು ದಿನ ಶಾಲೆಯಲ್ಲಿ ನಮ್ಮ ಜವಾನ ರಾಚಯ್ಯ ಟೀ ತಂದಿಟ್ಟು, "ಸಾ, ಈ ಸಲ ಖಾಸಗಿಯಾಗ್ ಪರೀಕ್ಸೆ ಕಟ್ಟೋರು ನಮ್ ಸ್ಕೂಲಿಂದ ಏಳೇ ಜನ ಸಾ. ನೆನ್ನೆಗೆ ಕಡೇ ದಿನ ಮುಗೋಯ್ತಲ್ಲ" ಎಂದ. ಆ ಏಳು ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸಿದವನು ನಾನು. ಏಳಕ್ಕೂ ಮೊಹರು ಒತ್ತಿದವನು ನಾನು. ಎಂಟನೆಯದು ನನ್ನ ಹೆಂಡತಿಯದು ಇರಬೇಕಿತ್ತು ಎಂಬುದು ಮೊಹರು ಒತ್ತುವಾಗ ಒಂದು ಸಲವೂ ಹೊಳೆದಿರಲಿಲ್ಲ. ಕಡೆಯ ದಿನದ ಸುತ್ತೋಲೆ ನಮ್ಮ ಆಫೀಸಿನ ಗ್ರೂಪಿಗೂ ಬಂದಿತ್ತಂತೆ. ಫೋನು ತೆಗೆದು ನೋಡಿದರೆ, ಹೌದು, ಇತ್ತು. ಅದರ ಮೇಲೆ ಸಾಲಾಗಿ ಪುಕ್ಕಟೆ ಕೋರ್ಸಿನ ಲಿಂಕುಗಳು, ಎಲ್ಲ ನಾನೇ ಕಳಿಸಿದವು.

ಆ ಸಂಜೆ ಬಸ್ಸಿನಲ್ಲಿ ಕೂತಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಜಂಬ, ತಮಾಷೆ ಎಲ್ಲ ಇಳಿದುಹೋಗಿ, ಬರೀ ನಾಚಿಕೆ ಉಳಿಯಿತು. ಹದಿನಾರು ವರ್ಷ ಒಲೆ ಹಚ್ಚಿದವಳಿಗೆ ಒಂದು ಕುರ್ಚಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಅದನ್ನು ನಾನು ಕೈಯಾರೆ ದೂರ ತಳ್ಳಿದ್ದೆ. ಮುಂದಿನ ಪರೀಕ್ಷೆಯ ಹೊತ್ತಿಗೆ ಸುಂದ್ರಮ್ಮನ ಜಾಗದಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಹೇಗೆ ಹೇಳಲಿ ಎಂದು ಯೋಚಿಸುತ್ತ ನಮ್ಮೂರಲ್ಲಿ ಇಳಿಯುವುದನ್ನೂ ಮರೆತು, ಮುಂದಿನ ಸ್ಟಾಪಿನಿಂದ ನಡೆದು ಬಂದೆ.

ನಾಗಮಣಿ ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದಳು. ನಿಂತಲ್ಲೇ ಒಪ್ಪಿಸಿದೆ. ಕಡೇ ದಿನ ಮುಗಿದಿದೆ, ಅರ್ಜಿ ಹಾಕಲಿಲ್ಲ, ತಪ್ಪು ನನ್ನದು ಎಂದೆ. ಅತ್ತರೆ ಸಮಾಧಾನ ಮಾಡಬೇಕೆಂದು ತಯಾರಾಗಿದ್ದೆ. ಅವಳು ಟವೆಲು ಮಡಚಿ ಮುಗಿಸಿ ಒಳಗೆ ಹೋಗಿ, ನನ್ನದೇ ಕಡತ ತಂದು ಒಂದು ರಜಾ ಅರ್ಜಿ ತೆಗೆದು ಮುಂದೆ ಹಿಡಿದಳು. "ಮಾನ್ಯರೇ, ಹತ್ತನೇ ತರಗತಿ ಪರೀಕ್ಷೆಗೆ ಅರ್ಜಿ ಹಾಕಲು ಹನೂರಿಗೆ ಹೋಗಿ ದಣಿದು ಬಂದಿರುವ ಕಾರಣ ಈ ದಿನದ ಪಾಠಕ್ಕೆ ರಜೆ ನೀಡಬೇಕಾಗಿ ವಿನಂತಿ." ಕೆಳಗೆ ನನ್ನ ಕೈಬರಹ, ಮಂಜೂರು. ಸಹಿ, ತಾರೀಕು.

"ನೀವು ಹಾಕಲ್ಲ ಅಂತ ಗೊತ್ತಿತ್ತು ಕಣ್ರಿ. ಸುಂದ್ರಮ್ಮಾರು ಜೊತೇಲಿ ಬಂದ್ರು. ಲೊಕ್ಕನಳ್ಳಿಗೆ ಓಗಿ ಟೀಸಿ ತಕಂಡು, ಅನೂರ್ ಸ್ಕೂಲಲ್ಲಿ ಕೊಟ್ಬಂದ್ವಿ" ಎಂದಳು.

"ನನಗೆ ಯಾಕೆ ಹೇಳಲಿಲ್ಲ?"

"ಬರೆದು ಕೊಟ್ಟಿದ್ನಲ್ಲ."

ಅರ್ಜಿಯನ್ನು ಮತ್ತೆ ಕಡತಕ್ಕೇ ಸೇರಿಸಿದೆ. ಆ ದಿನ ಜಾಗಟೆ ಬಾರಿಸಲು ಕೈ ಏಳಲಿಲ್ಲ, ಆದರೆ ಮಾರನೆಯ ದಿನದಿಂದ ಮತ್ತೆ ಬಾರಿಸಿದೆ. ಚಟ ಅಷ್ಟು ಬೇಗ ಬಿಡುವಂಥದಲ್ಲ. ಅವಳೂ ಏನೂ ಆಗದವಳ ಹಾಗೆ ಬಂದು ಕೂತು, ದೀಪಸ್ತಂಭ ನೋಡಿ, ತೂಕಡಿಸಿ, ಎದ್ದು ಹೋಗುತ್ತಿದ್ದಳು. ಬೇಸಿಗೆಯಲ್ಲಿ ಪರೀಕ್ಷೆ ಬರೆದಳು. ಫಲಿತಾಂಶದ ದಿನ ನಾನು ಆಫೀಸಿನ ಕಂಪ್ಯೂಟರಿನ ಮುಂದೆ ಅವಳ ನೋಂದಣಿ ಸಂಖ್ಯೆಯನ್ನು ಮೂರು ಸಲ ತಪ್ಪು ಒತ್ತಿದೆ. ಪಾಸಾಗಿದ್ದಳು. ಗಣಿತದಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ. ರಾಚಯ್ಯನ ಮುಂದೆಯೇ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಕಣ್ಣೊರೆಸಿಕೊಂಡು, ಇದೆಲ್ಲ ಮನೆಯಲ್ಲೇ ಕಲಿಸುವ ಹೊಸ ಪದ್ಧತಿಯ ಫಲ ಎಂದು ಇಡೀ ಸ್ಟಾಫ್ ರೂಮಿಗೆ ಭಾಷಣ ಮಾಡಿದೆ.

ಸುಂದ್ರಮ್ಮ ನಿವೃತ್ತರಾದ ದಿನ ಅಂಗನವಾಡಿಯ ಮುಂದೆ ಊರ ಹೆಂಗಸರೆಲ್ಲ ಸೇರಿದ್ದರು. ಆದೇಶ ಬಂದಿತ್ತು. ನಾಗಮಣಿ ಕುರ್ಚಿಯ ಮೇಲೆ ಕೂತಳು, ಕೂತ ಕ್ಷಣವೇ ಒಂದು ಮಗುವಿನ ಮೂಗು ಒರೆಸಲು ಎದ್ದಳು, ಮತ್ತೆ ಕೂತಳು. ಪಂಚಾಯ್ತಿ ಮೆಂಬರ್ ಶಿವಮಲ್ಲಪ್ಪ, "ಅಲ್ಲ ಕಣವ್ವ ನಾಗಮಣಿ, ಈ ವಯಸ್ನಲ್ಲಿ ಎಂಗ್ ಓದ್ದೆ? ಯಾರ್ ಯೋಳ್ಕೊಟ್ರು?" ಎಂದರು. ನಾನು ಅಂಗಿಯ ಕಾಲರು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ಒಬ್ಬ ಮೇಡಮ್ಮು ಫೋನಲ್ಲಿ ಬಲು ಚೆನ್ನಾಗ್ ಲೆಕ್ಕ ಮಾಡ್ತಾರೆ ಕಣಣ್ಣ. ಇಲ್ಲಿ ಬಾಗ್ಲಾಕ್ಬುಟ್ಟು ಮನೆಗ್ ಬಂದು, ನಮ್ಮೆಜಮಾನ್ರು ಆಪೀಸಿಂದ ಬರಾಗಂಟ ನೋಡ್ಕಂಡು ಬರೀತಿದ್ದೆ. ಅವ್ರ್ ಬಸ್ಸು ಸದ್ದಾದ್ರೆ ಪುಸ್ತಕ ಮುಚ್ಚಿಕ್ಬುಡ್ತಿದ್ದೆ. ಅವ್ರು ಮನೇಲಿದ್ರೆ ಎಲ್ಲಣ್ಣ ಓದಾಕಾಯ್ತದೆ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಮ್ಮವ್ವ ನಕ್ಕಳು. ನಾನೂ ನಕ್ಕೆ, ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಕೆಂಡವಾಗಿದ್ದೆ. ಮನೆಗೆ ಬಂದು ಕೂತು ತಣ್ಣಗೆ ಯೋಚಿಸಿದಾಗ ಇದರಲ್ಲಿ ನನ್ನ ಪಾಲು ಎಷ್ಟು ದೊಡ್ಡದು ಎಂಬುದು ಅರ್ಥವಾಯಿತು. ಆ ವರ್ಷ ನಾನು ಆಫೀಸಿಗೆ ಒಂದು ದಿನವೂ ರಜೆ ಹಾಕಿಲ್ಲ. ಜ್ವರ ಬಂದಾಗಲೂ ಹೋಗಿದ್ದೇನೆ. ಹೆಂಡತಿಯ ಓದಿಗಾಗಿ ಇಷ್ಟೊಂದು ಮಾಡಿದ ಗಂಡ ಸುತ್ತ ಹತ್ತು ಹಳ್ಳಿಯಲ್ಲಿ ಇನ್ನೊಬ್ಬ ಇದ್ದರೆ ತೋರಿಸಿ ನೋಡೋಣ.