ಇಪ್ಪತ್ತನಾಲ್ಕು ಸೆಂಟಿಮೀಟರಿನ ಅಂಬಾಸಿಡರ್

ಅಳತೆ ಎಂಬುದು ನನಗೆ ಹೊಸತಲ್ಲ. ಮಣಿಪಾಲದ ಒಂದು ಕಾಲೇಜಿನಲ್ಲಿ ನಾನು ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತೇನೆ. ಅರ್ಧ ಮಿಲಿಮೀಟರು ಆಚೀಚೆಯಾದ ಗೆರೆಯನ್ನು ದೂರದಿಂದಲೇ ಪತ್ತೆ ಹಚ್ಚುತ್ತೇನೆಂದು ವಿದ್ಯಾರ್ಥಿಗಳು ನನಗೆ ಹೆದರುತ್ತಾರೆ. ಹಾಗಾಗಿ ಅಪ್ಪನ ಅಂಬಾಸಿಡರ್ ಕಾರಿನ ಒಂದು ಪುಟ್ಟ ಪ್ರತಿರೂಪವನ್ನು ನಾನೇ ಕಟ್ಟುವುದೆಂದು ತೀರ್ಮಾನಿಸಿದಾಗ ಯಾವ ಅಳುಕೂ ಇರಲಿಲ್ಲ. ನಾಲ್ಕು ಚಕ್ರ, ನಾಲ್ಕು ಬಾಗಿಲು, ಒಂದು ಉಬ್ಬಿದ ಬೆನ್ನು. ಎರಡು ವಾರ ಸಾಕು ಎಂದು ಡೈರಿಯಲ್ಲಿ ಬರೆದುಕೊಂಡೆ.

ಐದು ತಿಂಗಳು ಹಿಡಿಯಿತು!

ಕಾರಣ ಹೇಳಬೇಕು. ಅಪ್ಪ ಕಾಪು ಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಒಂದೇ ಗಾಡಿ ಓಡಿಸಿದವರು. ಕರಿ ಮೈ, ಹಳದಿ ತಲೆ, ಚದುರಂಗದ ಮನೆಗಳಂಥ ಮುಂಭಾಗದ ಜಾಲರಿ. ಎರಡು ಸಾವಿರದ ಮೂರರಲ್ಲಿ ಕಣ್ಣು ಮಂಜಾಗಿ, ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬಾರದೆಂದರು. ಘಟ್ಟದ ಮೇಲಿನವರೊಬ್ಬರು ಬಂದು ಗಾಡಿ ಕೊಂಡುಹೋದರು. ಅಪ್ಪ ಅದು ತಿರುವು ದಾಟುವವರೆಗೆ ನಿಂತು ನೋಡಿ, ಒಳಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದರು. ಅಷ್ಟೆ. ಮತ್ತೆ ಆ ಗಾಡಿಯ ಬಗ್ಗೆ ಒಂದು ಮಾತಿಲ್ಲ. ಸ್ಟ್ಯಾಂಡಿನ ಕಡೆ ಹೋಗುವುದೂ ನಿಂತಿತು. ಜಗಲಿಯಲ್ಲಿ ಕೂತಿರುತ್ತಿದ್ದರು. ಹೆದ್ದಾರಿಯಲ್ಲಿ ಯಾವುದಾದರೂ ವಾಹನ ಜೋರಾಗಿ ಬ್ರೇಕ್ ಹಾಕಿದರೆ ಅವರ ಬಲಗಾಲು ತನ್ನಷ್ಟಕ್ಕೆ ನೆಲ ಒತ್ತುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪನೂ ನಾನೂ ಮಾತು ಕಡಿಮೆಯವರು. ಹತ್ತಿರ ಕೂತು ಸಮಾಧಾನ ಹೇಳುವುದು ನನಗೆ ಬಾರದು. ಗಾಡಿಯನ್ನೇ ಮರಳಿ ಅವರ ಕೈಗಿಟ್ಟರೆ ಒಂದು ಮಾತಾದರೂ ಹೊರಟೀತು ಎಂದುಕೊಂಡೆ.

ಅಮ್ಮನಿಗೆ ಮಾತಿನ ಕೊರತೆ ಇರಲಿಲ್ಲ. ಬಂದ ನೆಂಟರಿಗೆಲ್ಲ ಕಾಫಿಯ ಜೊತೆಗೆ ಒಂದು ವಾಕ್ಯವನ್ನೂ ಕೊಡುತ್ತಿದ್ದಳು: “ಮೂವತ್ತು ವರ್ಷದಲ್ಲಿ ನಮ್ಮವರ ಗಾಡಿಗೆ ಒಂದು ಗೀರು ಬಿದ್ದದ್ದಿಲ್ಲ, ಗೊತ್ತುಂಟಾ?”

ಗಾಡಿಯ ಒಂದೇ ಒಂದು ಫೋಟೋ ನಮ್ಮಲ್ಲಿತ್ತು, ಯಾವುದೋ ಮದುವೆಯದ್ದು. ಮದುಮಗ ಚೆನ್ನಾಗಿ ಬಂದಿದ್ದ. ಅವನ ಹಿಂದೆ ಗಾಡಿಯ ಕಾಲು ಭಾಗ ಬಂದಿತ್ತು! ಹಾಗಾಗಿ ಸ್ಟ್ಯಾಂಡಿಗೆ ಹೋಗಿ ಅಪ್ಪನ ಗೆಳೆಯ ಹಸನಬ್ಬನವರ ಅಂಥದ್ದೇ ಕಾರನ್ನು ಅಳೆಯಲು ಅಪ್ಪಣೆ ಕೇಳಿದೆ. ನಾನು ಟೇಪು ಹಿಡಿದು ಬಂಪರಿನ ಕೆಳಗೆ ಬಾಗುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

“ಎಂತ ಮೇಡಂ, ಗಾಡಿಗೆ ಅಂಗಿ ಹೊಲಿಸ್ತೀರಾ?”

ಗುಟ್ಟು ಹೇಳಿದೆ. ಅವರು ನಗು ನಿಲ್ಲಿಸಿದರು. “ಭೋಜಣ್ಣನಿಗಾ? ಹಾಗಾದ್ರೆ ಸರಿಯಾಗಿ ಅಳೀರಿ. ತಡೀರಿ, ಆ ಕಡೆ ನಾನು ಹಿಡೀತೇನೆ.”

ಹದಿನೆಂಟರಲ್ಲಿ ಒಂದು ಪಾಲು. ಅಂದರೆ ಉದ್ದ ಸರಿಯಾಗಿ ಇಪ್ಪತ್ತನಾಲ್ಕು ಸೆಂಟಿಮೀಟರು. ಮೂರು ಕಡೆಯ ನೋಟಗಳನ್ನು ಬರೆದು, ಕಾರ್ಕಳದ ಒಬ್ಬ ಆಚಾರಿಯವರಲ್ಲಿಗೆ ಹೋದೆ. ದೈವದ ಮರದ ಮೂರ್ತಿಗಳನ್ನು ಕೆತ್ತುವ ಕೈ ಅವರದು. ನನ್ನ ನಕ್ಷೆಯನ್ನು ಅವರು ಭಕ್ತಿಯಿಂದಲೇ ನೋಡಿದರು. ಮೂರು ವಾರ ಬಿಟ್ಟು ಹೋದರೆ ಹಲಸಿನ ಮರದಲ್ಲಿ ಅಂಬಾಸಿಡರ್ ಎದ್ದು ನಿಂತಿತ್ತು! ಆ ದುಂಡು ಹುಬ್ಬು, ಆ ಇಳಿಜಾರು ಬೆನ್ನು, ಬಾಗಿಲ ಹಿಡಿಕೆಯ ಕೆಳಗಿನ ಸಣ್ಣ ತಗ್ಗು ಕೂಡ. ಕೈಯಲ್ಲೆತ್ತಿ ಸುತ್ತಲೂ ತಿರುಗಿಸಿ ನೋಡಿದೆ. ಆಮೇಲೆ ಅಭ್ಯಾಸಬಲದಿಂದ ಸ್ಕೇಲು ತೆಗೆದೆ. ಇಪ್ಪತ್ತನಾಲ್ಕು ಸೆಂಟಿಮೀಟರು, ಆರು ಮಿಲಿಮೀಟರು.

“ಆಚಾರಿಗಳೇ, ಎರಡು ನೂಲು ಹೆಚ್ಚುಂಟಲ್ಲ?”

“ಹೌದು. ನಿಮ್ಮ ಅಳತೆಗೆ ಆಯ ಒಳ್ಳೆಯದು ಬರಲಿಲ್ಲ. ಎರಡು ನೂಲು ಸೇರಿಸಿದೆ. ಈಗ ಯಜಮಾನನಿಗೆ ಆಯುಷ್ಯ ಉಂಟು.”

“ವಾಸ್ತುವಿನ ಆಯ ನೋಡುವುದು ಮನೆಗಲ್ಲವಾ? ಕಾರಿಗೂ ಉಂಟಾ?”

“ಬಾಗಿಲು ಉಂಟಲ್ಲ?” ಎಂದರು ಅವರು, ಬಹಳ ತಾಳ್ಮೆಯಿಂದ. “ಬಾಗಿಲಿದ್ದದ್ದಕ್ಕೆಲ್ಲ ಆಯ ಉಂಟು.”

ಪದವಿಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಅಪ್ಪನ ಆಯುಷ್ಯವನ್ನು ಆರು ಮಿಲಿಮೀಟರಿಗೋಸ್ಕರ ಕತ್ತರಿಸುವ ಧೈರ್ಯವೂ ಇರಲಿಲ್ಲ. ಕಾರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ.

ಬಣ್ಣವನ್ನು ನಾನೇ ಹಚ್ಚಿದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬ್ರಶ್ಶಿನ ಕೂದಲುಗಳೆಲ್ಲ ಕಾರಿಗೆ ಅಂಟಿ, ಕಾರು ಚಳಿಗಾಲದ ನಾಯಿಮರಿಯ ಹಾಗೆ ಕಾಣುತ್ತಿತ್ತು. ಕೊನೆಗೆ ಬನ್ನಂಜೆಯ ಒಂದು ಗ್ಯಾರೇಜಿಗೆ ಹೋದೆ. ಬಸ್ಸುಗಳಿಗೆ ಬಣ್ಣ ಹೊಡೆಯುವ ಮಲ್ಲಪ್ಪ ಬಾಗಲಕೋಟೆ ಕಡೆಯವರು. ಅವರು ಕಾರನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

“ಇದಕ್ಕ ಯಾರ‍್ರೀ ಮೇಡಂ ಬಣ್ಣ ಹಚ್ಚಿದವ್ರು?”

“ಗೊತ್ತಿಲ್ಲ” ಎಂದೆ.

“ಯಾರೇ ಇರ‍್ಲಿ, ಅವ್ರ ಕೈಯಾಗ ಮತ್ತ ಬ್ರಶ್ ಕೊಡಬ್ಯಾಡ್ರಿ.”

ಮೊದಲು ಉಜ್ಜಿ, ಪುಟ್ಟಿ ಹಾಕಿ, ಮತ್ತೆ ಉಜ್ಜಿ, ದೊಡ್ಡ ಬಸ್ಸಿಗೆ ಹಿಡಿಯುವ ಸ್ಪ್ರೇ ಗನ್ನನ್ನು ಹೂವಿಗೆ ನೀರು ಚಿಮುಕಿಸುವಷ್ಟು ಮೆಲ್ಲಗೆ ಹಿಡಿದು ಅವರು ಬಣ್ಣ ಕೊಟ್ಟರು. ಕರಿ ಬಣ್ಣದಲ್ಲಿ ನನ್ನ ಮುಖ ಕಂಡಿತು. “ಹಿಂದ ಏನರ ಬರೀಲೇನ್ರಿ? ದೇವರ ಹೆಸರು?” ಎಂದು ಆಸೆಯಿಂದ ಕೇಳಿದರು. ಬೇಡವೆಂದದ್ದಕ್ಕೆ ಅವರಿಗೆ ನಿಜವಾಗಿ ಬೇಸರವಾಯಿತು.

ಉಳಿದದ್ದು ಬಂಪರು, ಜಾಲರಿಗಳ ಬೆಳ್ಳಿ ಹೊಳಪು. ಅದಕ್ಕೆ ಸಿಗರೇಟು ಪ್ಯಾಕಿನೊಳಗಿನ ತೆಳು ತಗಡಿನಂಥ ಕಾಗದವೇ ಸರಿ ಎಂದು ನಾನು ಶಾಸ್ತ್ರೀಯವಾಗಿ ಕಂಡುಕೊಂಡಿದ್ದೆ. ಮಣಿಪಾಲದ ಬಸ್ ನಿಲ್ದಾಣದ ಹತ್ತಿರದ ಗೂಡಂಗಡಿಯಲ್ಲಿ, ಕಾಟನ್ ಸೀರೆ ಉಟ್ಟು, ಕೊಡೆ ಹಿಡಿದು ನಿಂತೆ.

“ಸಿಗರೇಟು ಕೊಡಿ.”

ಅಂಗಡಿಯವರು ನನ್ನನ್ನು ನೋಡಿದರು. “ಯಾವುದು ಮೇಡಂ?”

“ಯಾವುದು ಹೆಚ್ಚು ಹೊಳೆಯುತ್ತದೆ?”

ನಾಲ್ಕು ಪ್ಯಾಕು ಬಿಚ್ಚಿಸಿ, ಬಿಸಿಲಿಗೆ ಹಿಡಿದು, ಆರಿಸಿ, ಎರಡನ್ನು ಕೊಂಡೆ. ಕಾಗದವನ್ನು ಮಾತ್ರ ಚೀಲಕ್ಕೆ ಹಾಕಿ ಸಿಗರೇಟನ್ನು ಅವರಿಗೇ ಮರಳಿಸಿದೆ. ನನ್ನ ಹಿಂದೆ ಕಾಪು ಬಸ್ಸಿನ ಕಂಡಕ್ಟರ್ ನಿಂತಿದ್ದರು. ಅವರು ಮೊದಲರ್ಧವನ್ನು ಮಾತ್ರ ನೋಡಿ ಹೊರಟಿದ್ದರು. ಅವರ ಬಸ್ಸು ನನ್ನ ಬಸ್ಸಿಗಿಂತ ಮುಂಚಿನದು!

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಇದ್ದಳು. “ಎಷ್ಟು ಸಮಯದಿಂದ?”

“ಎಂತ?”

“ಎಂತ ಅಂತ ಕೇಳ್ತಾಳೆ! ಬಾಯಿ ತೆಗೆ ನೋಡುವ.”

ಗುಟ್ಟು ಬಿಡುವಂತಿರಲಿಲ್ಲ. “ಪ್ರಯೋಗಕ್ಕೆ ಬೇಕಿತ್ತು” ಎಂದೆ. ಇದಕ್ಕಿಂತ ಕೆಟ್ಟ ಉತ್ತರ ಆ ದಿನ ಉಡುಪಿ ಜಿಲ್ಲೆಯಲ್ಲೇ ಯಾರೂ ಕೊಟ್ಟಿರಲಾರರು. ಅಮ್ಮ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಅಪ್ಪ ಮಾತ್ರ ಸಂಜೆ ಮೆಲ್ಲಗೆ ಬಂದು, ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಶುಂಠಿ ಪೆಪ್ಪರಮಿಂಟು ಇಟ್ಟು, “ಗಂಟಲಿಗೆ ಒಳ್ಳೆಯದು” ಎಂದು ಹೇಳಿ ಹೋದರು.

ಇಷ್ಟಾದ ಮೇಲೆ ಕಾರು ಮುಗಿದಿತ್ತು. ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಮಲ್ಲಪ್ಪನವರ ಹೊಳಪಿನಲ್ಲಿ ಅದು ಷೋರೂಮಿನ ಕಾರಿನ ಹಾಗಿತ್ತು. ಅಪ್ಪನದು ಮೂವತ್ತು ವರ್ಷ ರಸ್ತೆ ಕಂಡ ಗಾಡಿ. ಗಾಡಿ ಮುಂಜಾನೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ ಕಾರಣ, ಅದರ ಮೈಯ ಗುರುತುಗಳು ನನಗೆ ನೆನಪಿರಲಿಲ್ಲ. ಅಮ್ಮನ ವಾಕ್ಯವನ್ನು ಹೆಂಡತಿಯ ಅಭಿಮಾನದ ಉತ್ಪ್ರೇಕ್ಷೆ ಎಂದು ಪರಿಗಣಿಸಿ, ಸಾಕ್ಷ್ಯ ಸಂಗ್ರಹಕ್ಕಾಗಿ ಮತ್ತೆ ಸ್ಟ್ಯಾಂಡಿಗೆ ಹೋದೆ. ಅಪ್ಪನ ಇನ್ನೊಬ್ಬ ಗೆಳೆಯ ಸಂಜೀವಣ್ಣನೂ ಅಲ್ಲಿದ್ದರು.

“ಅಪ್ಪನ ಗಾಡಿಗೆ ಎಲ್ಲೆಲ್ಲಿ ಡೆಂಟ್ ಬಿದ್ದಿತ್ತು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಹೇಳುವುದಾ ಹಸನಬ್ಬ?”

“ಗಾಡಿ ಹೇಗೂ ಹೋಯ್ತಲ್ಲ ಮಾರಾಯ. ಹೇಳು.”

ಹೇಳತೊಡಗಿದರು. ನೋಡಿ, ಎಂಥ ನೆನಪು! ಕಟಪಾಡಿಯ ಎತ್ತಿನಗಾಡಿ, ಪಡುಬಿದ್ರಿಯ ದನ, ಅಲೆವೂರಿನ ತಿರುವಿನಲ್ಲಿ ಒಂದು ತೆಂಗಿನಮರ, ಮಲ್ಪೆಯ ಮೀನಿನ ಲಾರಿ. ಒಟ್ಟು ಏಳು. ಸಂಜೀವಣ್ಣ ತಮ್ಮ ಕಾರಿನ ಎದುರು ನಿಂತು ಪ್ರತಿಯೊಂದರ ಜಾಗವನ್ನು ಕೈಯಿಂದ ತೋರಿಸಿದರು. ನಾನು ಕಾಗದದಲ್ಲಿ ಗುರುತು ಹಾಕಿದೆ. ಡೆಂಟುಗಳನ್ನು ಅಪ್ಪ ರಿಪೇರಿ ಮಾಡಿಸಿದ್ದರೇ ಎಂಬ ಒಂದೇ ಒಂದು ಪ್ರಶ್ನೆಯನ್ನು ಕೇಳಲಿಲ್ಲ.

ಮಲ್ಲಪ್ಪನವರ ಆ ಹೊಳಪಿನ ಮೇಲೆ ನಾನು ಏಳು ಕಡೆ ಉಳಿ ಇಟ್ಟೆ. ಬೆಳ್ಳಿ ಕಾಗದ ಅಂಟಿಸಿದ್ದು ಬಿಟ್ಟರೆ ಇಡೀ ಕಾರಿನಲ್ಲಿ ನನ್ನ ಸ್ವಂತ ಕೈಕೆಲಸ ಎಂದರೆ ಈ ಏಳು ಏಟುಗಳು! ಸಾಲದ್ದಕ್ಕೆ, ಡೆಂಟುಗಳಿಗೆ ಸಂಖ್ಯೆ ಕೊಟ್ಟು, ‘ವಿವರ ಸೂಚಿ’ ಎಂಬ ತಲೆಬರಹದಲ್ಲಿ ಸ್ಥಳ, ಸಂದರ್ಭಗಳನ್ನು ದುಂಡಗೆ ಬರೆದು ಒಂದು ಕಾರ್ಡು ಮಾಡಿದೆ.

ಒಂದು ಭಾನುವಾರ ಗೆಳೆಯರಿಬ್ಬರನ್ನೂ ಊಟಕ್ಕೆ ಕರೆದೆ. ಊಟವಾದ ಮೇಲೆ, ಬಟ್ಟೆ ಮುಚ್ಚಿದ ಕಾರನ್ನು ತಂದು ಅಪ್ಪನ ಮುಂದಿಟ್ಟು ಬಟ್ಟೆ ತೆಗೆದೆ. ಅಪ್ಪ ಅಲ್ಲಾಡಲಿಲ್ಲ. ಅಮ್ಮ “ಅಯ್ಯೋ ದೇವರೇ, ನಮ್ಮ ಗಾಡಿ!” ಎಂದು ಕೂಗಿ, ಪಕ್ಕದಲ್ಲಿದ್ದ ಕಾರ್ಡನ್ನು ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು.

“ಒಂದು. ಹಿಂದಿನ ಬಂಪರ್. ಕಟಪಾಡಿಯಲ್ಲಿ ಎತ್ತಿನಗಾಡಿಗೆ ತಾಗಿದ್ದು. ಎರಡು. ಎಡ ಮಡ್‌ಗಾರ್ಡ್. ಪಡುಬಿದ್ರಿ. ದನ...” ಅವಳ ಸ್ವರ ನಿಧಾನವಾಯಿತು. “ಮೂರು. ತೆಂಗಿನಮರ?”

ಸಂಜೀವಣ್ಣನಿಗೆ ತುರ್ತಾಗಿ ಕೈ ತೊಳೆಯಬೇಕಾಯಿತು. ಹಸನಬ್ಬನವರು ಫ್ಯಾನನ್ನು ನೋಡತೊಡಗಿದರು. ಅಮ್ಮ ಏಳನ್ನೂ ಓದಿ ಮುಗಿಸಿ ಕಾರ್ಡನ್ನು ಕೆಳಗಿಟ್ಟಳು.

“ಇದು ಯಾರ ಗಾಡಿ?”

ಆಗ ನನಗೆ ಅರ್ಥವಾಯಿತು. ಮೂವತ್ತು ವರ್ಷ ಮೂವರು ಗಂಡಸರು ಕಾಪಾಡಿಕೊಂಡು ಬಂದ ಗುಟ್ಟನ್ನು ನಾನು ಸಂಖ್ಯೆ ಹಾಕಿ ಬಯಲು ಮಾಡಿದ್ದೆ.

“ಅದು ಬೇರೆ ಯಾರದ್ದೋ ಆಗಿರಬೇಕು ಅಕ್ಕ” ಎಂದರು ಹಸನಬ್ಬನವರು. “ಮಕ್ಕಳಿಗೆ ಎಂತ ಗೊತ್ತು? ಭೋಜಣ್ಣ, ಅಲ್ವಾ?”

ಅಪ್ಪ ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು, ಪಾರಾಗುತ್ತಿದ್ದರು. ನನ್ನ ಐದು ತಿಂಗಳು ನೀರುಪಾಲಾಗುತ್ತಿತ್ತು, ಅಷ್ಟೆ. ಆದರೆ ಅಪ್ಪ ಕಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು. ಕಣ್ಣಿಗಿಂತ ಬೆರಳನ್ನೇ ನಂಬಿ, ಜಾಲರಿಯಿಂದ ಡಿಕ್ಕಿಯವರೆಗೆ ಮೆಲ್ಲಗೆ ಸವರುತ್ತಿದ್ದರು. ಬೆರಳು ಒಂದು ಕಡೆ ನಿಂತಿತು.

“ಐದನೆಯದ್ದು ತಪ್ಪು” ಎಂದರು. “ಮಲ್ಪೆಯ ಲಾರಿ ತಾಗಿದ್ದು ಎಡಗಡೆಗಲ್ಲ, ಬಲಗಡೆಗೆ.”

ಅಮ್ಮ ಕಾರ್ಡನ್ನು ಮತ್ತೆ ಎತ್ತಿಕೊಂಡಳು.

“ಹಾಗಾದ್ರೆ” ಎಂದಳು ಅಮ್ಮ, “ಬಾಕಿ ಆರು ಸರಿಯಾ?”

ಎದುರು ನಿಂತವರಿಗೆ ಕಾರಿನ ಬಲ ಎಡವಾಗಿ ಕಾಣುತ್ತದೆ. ಐದನೆಯದನ್ನು ಗುರುತು ಹಾಕುವಾಗ ನಾನದನ್ನು ಮರೆತಿದ್ದೆ. ಈ ತಪ್ಪು ಮಾಡಿದ ವಿದ್ಯಾರ್ಥಿಗಳ ಎರಡೆರಡು ಅಂಕಗಳನ್ನು ನಾನು ಕರುಣೆಯಿಲ್ಲದೆ ಕಳೆಯುತ್ತೇನೆ.

ಆಮೇಲೆ ಅಪ್ಪನ ಬಾಯಿಂದ ಒಂದು ಮಾತಲ್ಲ, ಒಂದು ಗಂಟೆಯ ಮಾತು ಹೊರಟಿತು. ದನ ಹೇಗೆ ಬಂತು, ಬ್ರೇಕ್ ಹೇಗೆ ಹಿಡಿದೆ, ಮರ ಯಾಕೆ ಅಲ್ಲಿತ್ತು. ಪ್ರತಿ ಸಲವೂ ಅವತ್ತವತ್ತೇ ಡೆಂಟು ತೆಗೆಸಿ, ಬಣ್ಣ ಕೊಡಿಸಿ, ಕತ್ತಲಾದ ಮೇಲೆ ಗಾಡಿಯನ್ನು ಮನೆಗೆ ತರುತ್ತಿದ್ದರಂತೆ. ಅಪ್ಪ ಇಷ್ಟು ಚೆನ್ನಾಗಿ ಕಥೆ ಹೇಳಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಬೆರಗಾಗಿ ಕೇಳುತ್ತಾ ಕೂತೆ.

“ನನಗೆ ಯಾಕೆ ಹೇಳ್ಲಿಲ್ಲ?” ಎಂದಳು ಅಮ್ಮ.

“ಹೇಳಿದ್ರೆ ನೀನು ಹರಕೆ ಹೇಳಿಕೊಳ್ತಿದ್ದಿ ಮಾರಾಯ್ತಿ. ಹರಕೆ ತೀರಿಸ್ಲಿಕ್ಕೆ ದೇವಸ್ಥಾನಗಳಿಗೆ ಗಾಡಿ ಬಿಡಬೇಕಾದವನು ನಾನೇ!”

“ದೇವರು ಏಳು ಸಲ ಕಾಪಾಡಿದ್ದಾನೆ, ನಾವು ಒಂದು ತೆಂಗಿನಕಾಯಿ ಒಡೀಲಿಲ್ಲ!” ಎಂದು ಅಮ್ಮ ಎದ್ದಳು. ಕಣ್ಣೊರೆಸಿಕೊಂಡದ್ದು ಸಿಟ್ಟಿಗೋ ಬೇರೆಯದಕ್ಕೋ ತಿಳಿಯಲಿಲ್ಲ. “ಏಳು ಹೂವಿನ ಪೂಜೆ. ಏಳು ದೇವಸ್ಥಾನ. ಬರುವ ಭಾನುವಾರದಿಂದ.”

ಗಾಡಿ ಇಲ್ಲದ್ದರಿಂದ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಪ್ಪ ಡ್ರೈವರರ ಹತ್ತಿರದ ಸೀಟಿನಲ್ಲಿ ಕೂತು, ಯಾವ ತಿರುವಿನಲ್ಲಿ ಗೇರು ಬದಲಿಸಬೇಕೆಂದು ಕೇಳದೆಯೇ ಹೇಳಿಕೊಡುತ್ತಿದ್ದರು. ಹೂವಿನ ಬುಟ್ಟಿ ಅಮ್ಮನ ಮಡಿಲಲ್ಲಿ, ಕಾರು ನನ್ನ ಮಡಿಲಲ್ಲಿ. ಗಾಡಿಯ ಹರಕೆಗೆ ಗಾಡಿ ಬರಲೇಬೇಕೆಂದು ಅಮ್ಮನ ವಾದ. ಪ್ರತಿ ದೇವಸ್ಥಾನದಲ್ಲಿಯೂ ಅರ್ಚಕರು ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕುತ್ತಿದ್ದರು. ಸಿಗರೇಟು ಕಾಗದದ ಬಂಪರು ಎರಡನೆಯ ಭಾನುವಾರವೇ ತೀರ್ಥದಲ್ಲಿ ಕಳಚಿ ಹೋಯಿತು.

ಕೊನೆಯ ಪೂಜೆ ಕಾರ್ಕಳದ ಹತ್ತಿರದ ಒಂದು ದೇವಸ್ಥಾನದಲ್ಲಿತ್ತು. ಅಲ್ಲಿನ ಅರ್ಚಕರು ವಯಸ್ಸಾದವರು, ಎಲ್ಲವನ್ನೂ ಕ್ರಮಪ್ರಕಾರ ಮಾಡುವವರು. ಕಾರನ್ನು ನೋಡಿ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ವಾಹನ ಯಾರ ಹೆಸರಿನಲ್ಲಿ ಉಂಟು?”

ಅಮ್ಮ ನನ್ನನ್ನು ಮುಂದೆ ತಳ್ಳಿದಳು. “ಇವಳದ್ದು. ಇವಳೇ ಮಾಡಿದ್ದು.”

ನನ್ನ ಹೆಸರು, ನಕ್ಷತ್ರ ಕೇಳಿ ಸಂಕಲ್ಪ ಮಾಡಿದರು. ಚಕ್ರದ ಕೆಳಗೆ ಅತಿ ಸಣ್ಣ ಲಿಂಬೆಕಾಯಿಯನ್ನು ಹುಡುಕಿ ಇಟ್ಟರು. ಕಾರನ್ನು ನನ್ನ ಕೈಗೆ ಕೊಡುತ್ತಾ, ಹಿರಿಯರ ಕಾಳಜಿಯಿಂದ ಕೇಳಿದರು: “ಇನ್ನು ಜಾಗ್ರತೆಯಿಂದ ಓಡಿಸಬೇಕು ಆಯ್ತಾ? ಲೈಸನ್ಸ್ ಉಂಟಲ್ಲ?”

ಅಪ್ಪ ಜೋರಾಗಿ ನಕ್ಕರು. ಗಾಡಿ ಹೋದ ಮೇಲೆ ನಾನು ಕೇಳಿದ ಮೊದಲ ನಗು ಅದು. ಆ ನಗುವಿನ ಮುಂದೆ ನಾನು ತಲೆ ತಗ್ಗಿಸಿ ನಿಜ ಹೇಳಬೇಕಾಯಿತು.

ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರ ಮಗಳು ನಾನು. ನನಗೆ ಸೈಕಲ್ ಕೂಡ ಬರುವುದಿಲ್ಲ!