ಲಿಫ್ಟ್ ಬಾಗಿಲಲ್ಲಿ ಹಟ ಹಿಡಿದು ದಾರಿ ಬಿಟ್ಟ ಮಾಮೆತಾ ಅವರ ಮೇಲೊಂದು ದೂರು

ಆಸ್ಪತ್ರೆಯ ಮೂರನೇ ಅಂತಸ್ತಿನಲ್ಲಿ ಊಟ, ಔಷಧಿ ಹಂಚುವ ರೋಬೋಟ್ ಶ್ರೀಯುತ ಮಾಮೆತಾ ಅವರ ಸನ್ನಿಧಿಗೆ,

ಮಾನ್ಯರೇ,

ಮಳೆ ಮುಗಿದು ನಮ್ಮ ಒಕಾಯಾಮಾ ಊರಿನಲ್ಲಿ ಜೀರುಂಡೆಗಳು ಕೂಗಲು ಹತ್ತಿರುವ ಈ ಸುಡುಬಿಸಿಲಿನಲ್ಲಿ ತಮ್ಮ ಬ್ಯಾಟರಿ ತುಂಬಿದ್ದು ಚಕ್ರಗಳು ಕ್ಷೇಮವಾಗಿವೆ ಎಂದು ನಂಬಿ, ಸೊಂಟದ ಮೂಳೆ ಮುರಿದುಕೊಂಡು ಐದು ವಾರಗಳಿಂದ ತಮ್ಮ ಆರೈಕೆಯಲ್ಲಿರುವ ಎಪ್ಪತ್ತೊಂಬತ್ತರ ಮುದುಕಿಯಾದ ನಾನು ತಲೆಬಾಗಿ ಈ ದೂರನ್ನು ಸಲ್ಲಿಸುತ್ತಿದ್ದೇನೆ. ತಮಗೆ ಓದಲು ಪುರಸೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ನರ್ಸ್ ನಾಗಾಮಿನೆ ಇದನ್ನು ಎಲ್ಲರೂ ಓದುವಂತೆ ಲಿಫ್ಟ್ ಪಕ್ಕದ ಗೋಡೆಗೆ ಅಂಟಿಸುತ್ತೇನೆಂದು ಮಾತು ಕೊಟ್ಟಿದ್ದಾರೆ.

ತಮ್ಮ ಸೇವೆಯಲ್ಲಿ ಕೊರತೆ ಹುಡುಕುವಷ್ಟು ಕೃತಘ್ನಳಲ್ಲ ನಾನು. ಐದು ವಾರದಲ್ಲಿ ತಾವು ಒಂದು ತೊಟ್ಟು ಮಿಸೊ ಸಾರು ಚೆಲ್ಲಿಲ್ಲ, ಹೊಸ ಡಾಕ್ಟರುಗಳ ಹಾಗೆ ನನ್ನನ್ನು ಮೂರು ವರ್ಷದ ಮಗುವಿನಂತೆ ಮಾತನಾಡಿಸಿಲ್ಲ, ಗಂಜಿಯ ಮೇಲಿನ ಉಪ್ಪು ಪ್ಲಮ್ ತಿಂದೆನೋ ಇಲ್ಲವೋ ಎಂದು ಇಣುಕಿಲ್ಲ. ತಮ್ಮ ತಪ್ಪು ಒಂದೇ, ವಿಪರೀತ ಮರ್ಯಾದೆ.

ತಮಗೆ ತಿಳಿದಿರಲಾರದು, ನಾನು ನಲವತ್ತೊಂದು ವರ್ಷ ಈ ಊರಿನ ದೊಡ್ಡ ಅಂಗಡಿಯೊಂದರಲ್ಲಿ ಬಿಳಿ ಕೈಗವಸು ತೊಟ್ಟು ಲಿಫ್ಟ್ ನಡೆಸಿದವಳು. ಗಿರಾಕಿಗಳೆಲ್ಲ ಒಳಗೆ ಹೋದ ಮೇಲೆಯೇ ನಾನು ಹೋಗಬೇಕು, ಅದು ನಿಯಮ. ಅದು ಮೈಗೆ ಎಷ್ಟು ಹತ್ತಿತ್ತೆಂದರೆ ನನ್ನ ಮದುವೆಯ ದಿನವೂ ಮದುಮಗನನ್ನು ಮೊದಲು ಒಳಗೆ ಕಳಿಸಿ ಬಾಗಿಲು ಹಿಡಿದು ನಿಂತಿದ್ದೆ. ಇಂಥ ನನ್ನ ಮನೆ ಇರುವುದು ಲಿಫ್ಟೇ ಇಲ್ಲದ ಕಟ್ಟಡದ ಎರಡನೇ ಅಂತಸ್ತಿನಲ್ಲಿ, ಹತ್ತೊಂಬತ್ತು ಮೆಟ್ಟಿಲು ಹತ್ತಿ. ಆಸರೆಯಿಲ್ಲದೆ ಹತ್ತು ನಿಮಿಷ ನಿಲ್ಲದಿದ್ದರೆ ಮೆಟ್ಟಿಲ ಅಭ್ಯಾಸವೂ ಇಲ್ಲ, ಮನೆಯೂ ಇಲ್ಲ ಎಂದು ವ್ಯಾಯಾಮ ಮಾಡಿಸುವ ಶಿಯೊಟಾ ಹೇಳಿದ್ದರು. ಎಷ್ಟು ಹೆಣಗಿದರೂ ಮೂರು ನಿಮಿಷ ದಾಟಿರಲಿಲ್ಲ. ನನ್ನ ತಂಗಿಯ ಮಗ ಯುಕಿಹಾರು ಪಕ್ಕದೂರಿನ ವೃದ್ಧಾಶ್ರಮದ ಕಾಗದಗಳನ್ನು ಆಗಲೇ ತಂದು, "ದೊಡ್ಡಮ್ಮ, ನಿಮ್ ಮುದ್ರೆ ಒಂದ್ ಒತ್ತಿದ್ರೆ ಸಾಕು. ಅಲ್ಲಿ ಎಲ್ಲಾ ಕಡೆ ಲಿಫ್ಟ್ ಇದೆ," ಎಂದಿದ್ದ. ಸಹಿಯ ಬದಲು ಒತ್ತುವ ಆ ಮುದ್ರೆ ಎಲ್ಲಿಟ್ಟೆನೋ ಮರೆತುಹೋಗಿದೆ ಎಂದೆ. ಅದು ನನ್ನ ಕನ್ನಡಕದ ಡಬ್ಬಿಯಲ್ಲಿತ್ತು. ನನಗೆ ನನ್ನ ಮನೆಗೇ ಹೋಗಬೇಕಿತ್ತು, ಸ್ವಾಮಿ, ಬೇರೆ ಯಾವ ಮನೆಗೂ ಅಲ್ಲ.

ಈಗ ಎರಡು ವಾರದ ಹಿಂದಿನ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ವಾಕರ್ ಹಿಡಿದು ಲಿಫ್ಟಿನ ಬಳಿ ಬಂದಾಗ ತಾವು ಅಲ್ಲಿದ್ದಿರಿ. ಬಾಗಿಲು ತೆರೆಯಿತು. "ದಯವಿಟ್ಟು ತಾವು ಮೊದಲು," ಎಂದಿರಿ. ರೋಗಿಗಳಿಗೆ ದಾರಿ ಬಿಡಬೇಕೆಂದು ತಮಗೆ ಕಲಿಸಿದ್ದಾರಂತೆ. ಔಷಧಿ ಹೊತ್ತವರನ್ನು ಹಿಂದಿಕ್ಕಿ ನಾನು ಒಳಗೆ ಹೋಗುವುದುಂಟೇ? ವಾಕರನ್ನು ಗೋಡೆಗೆ ಸರಿಸಿ, ಎರಡೂ ಕೈ ಮುಂದೆ ಜೋಡಿಸಿ, ಅಂಗಡಿಯಲ್ಲಿ ಕಲಿಸಿದಂತೆ ಬಾಗಿ, ತಾವೇ ಮೊದಲು ಎಂದೆ. ತಾವು ಮತ್ತೆ ಅದನ್ನೇ ಹೇಳಿದಿರಿ. ಎರಡು ಸಲ ಬೇಡವೆಂದು ಮೂರನೆಯ ಸಲ ಒಪ್ಪಿಕೊಳ್ಳುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು, ತಾವು ಮಾತ್ರ ಏಳು ಸಲ ಬೇಡವೆಂದಿರಿ. ಲಿಫ್ಟ್ ಮೇಲೆ ಹೋಗಿ ಕೆಳಗೆ ಬಂತು, ಮತ್ತೆ ಹೋಗಿ ಬಂತು. ಅದರೊಳಗೆ ಗಾಲಿಕುರ್ಚಿಯಲ್ಲಿದ್ದ ನಮ್ಮ ಅಂತಸ್ತಿನ ರೋಗಿ ಇಬುಕಿ ನಾಲ್ಕನೆಯ ಸಲ ನಮ್ಮನ್ನು ನೋಡಿ, "ಏನ್ರಮ್ಮ ಕುವಾಬರ, ಇನ್ನೂ ಮುಗೀಲಿಲ್ವಾ ನಿಮ್ಮಿಬ್ರ ಉಪಚಾರ? ನನ್ ಮಾತ್ರೆ ಆ ರೋಬೋಟ್ ಹೊಟ್ಟೇಲಿದೆ," ಎಂದು ಗೊಣಗಿದರು.

ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ತಾವು ಎದುರಿಗೆ ನಗುಮುಖದ ದೀಪ ಹಚ್ಚಿಕೊಂಡೇ, ನನ್ನ ಬೆನ್ನ ಹಿಂದೆ ನರ್ಸುಗಳಿಗೆ ಸಂದೇಶ ಕಳಿಸಿ ಚಾಡಿ ಹೇಳಿದಿರಿ: ಮೂರನೇ ಅಂತಸ್ತು, ಲಿಫ್ಟ್ ಎದುರು, ಒಬ್ಬರು ಅಡ್ಡ ನಿಂತಿದ್ದಾರೆ, ಹನ್ನೊಂದು ನಿಮಿಷ.

ಅದನ್ನು ಓದಿಕೊಂಡು ಶಿಯೊಟಾ ಓಡಿಬಂದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಗೋಡೆಗೆ ಒರಗಿದ್ದ ವಾಕರ್ ನೋಡಿದರು, ನನ್ನ ಜೋಡಿಸಿದ ಕೈಗಳನ್ನು ನೋಡಿದರು. "ಅಮ್ಮ, ಇಷ್ಟ್ ಹೊತ್ತೂ ಹೀಗೇ ನಿಂತಿದ್ರಾ? ಏನೂ ಹಿಡ್ಕೊಳ್ದೆ?" ಎಂದರು. ಆಗ ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ತಾವು ವರದಿ ಮಾಡಲಿಲ್ಲ. ತಮ್ಮ ಆ ಚಾಡಿಯನ್ನೇ ಶಿಯೊಟಾ, ನಾನು ನಿಂತದ್ದಕ್ಕೆ ಸಾಕ್ಷಿಯೆಂದು, ನನ್ನ ಕಡತಕ್ಕೆ ಲಗತ್ತಿಸಿದರು. ಆಮೇಲೆ ಎರಡು ವಾರ ಮೆಟ್ಟಿಲ ಅಭ್ಯಾಸ ಮಾಡಿಸಿ, ಬರುವ ಶುಕ್ರವಾರ ಮನೆಗೆ ಹೋಗಬಹುದೆಂದು ನಿನ್ನೆ ತಿಳಿಸಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ನಾನು ಬಿಳಿ ಕೈಗವಸು ತೊಟ್ಟು ಲಿಫ್ಟ್ ಬಳಿ ನಿಂತಿರುತ್ತೇನೆ. ತಾವು ಎರಡು ಸಲ ಬೇಡವೆನ್ನಿ, ಅದು ತಮ್ಮ ದೊಡ್ಡತನ. ಮೂರನೆಯ ಸಲ ತೆಪ್ಪಗೆ ಒಳಗೆ ಹೋಗಿ. ನನ್ನ ಕೊನೆಯ ಗಿರಾಕಿ ತಾವೇ ಆಗಬೇಕು.

ತಮ್ಮ ವಿಶ್ವಾಸಿ, ತಮಗೆ ಹನ್ನೊಂದು ನಿಮಿಷ ಅಡ್ಡ ನಿಂತವಳು,
ಮಿತ್ಸುಯೊ ಕುವಾಬರ

ವಿ.ಸೂ.: ಹೆಸರಿನ ಪಕ್ಕದ ಕೆಂಪು ಗುರುತು ನನ್ನ ಮುದ್ರೆ. ಅದು ಸಿಕ್ಕಿತೇ ಎಂದು ಯುಕಿಹಾರು ಬಂದು ಕೇಳಿದರೆ, 'ಸಿಕ್ಕಿತು, ನನಗೆ ಬರೆದ ಕಾಗದದ ಮೇಲೆ ಒತ್ತಿಬಿಟ್ಟಿದ್ದಾರೆ' ಎಂದು ತಮ್ಮ ಎಂದಿನ ಮರ್ಯಾದೆಯಲ್ಲೇ ತಿಳಿಸಿ, ಅವನಿಗೆ ಲಿಫ್ಟಿನ ದಾರಿ ತೋರಿಸಿ. ಅವನು ಮೊದಲು ಹೋಗಲಿ.